ಕೈಯೇ ಪರೀಕ್ಷಿಸಿದ ಬಿಲ್ಲೆ



ಪೋಕರ್ ಮೇಜಿನ ಮೇಲೆ ದುಡ್ಡಿನ ಬದಲು ಓಡಾಡುವ ದುಂಡು ಬಿಲ್ಲೆಗಳನ್ನು ಸಿನಿಮಾದಲ್ಲಾದರೂ ನೋಡಿರುತ್ತೀರಿ. ಜೇಡಿಮಣ್ಣು ಬೆರೆಸಿ ಮಾಡಿದ ಬಿಲ್ಲೆ ಎಂದರೆ ಆಟಗಾರರಿಗೆ ಇಂದಿಗೂ ಬಲು ಪ್ರೀತಿ. ಇದು ಬರೀ ಷೋಕಿಯಲ್ಲ. ಅದರ ಒರಟು, ಅದರ ಸದ್ದು, ಅಂಚಿನ ಬಣ್ಣ ಇವುಗಳ ಹಿಂದೆ ಮೋಸದ ಭಯವಿದೆ ಎಂದೇ ನಾನು ತಿಳಿದಿದ್ದೇನೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರು ಇಸ್ಪೀಟಾಟಕ್ಕೆಂದು ಚೀನಾದ ಕ್ಯಾಂಟನ್ನಿನಿಂದ ಮುತ್ತಿನ ಚಿಪ್ಪಿನ ಬಿಲ್ಲೆಗಳನ್ನು ತರಿಸುತ್ತಿದ್ದರು. ಮನೆತನದ ಲಾಂಛನವನ್ನೂ ಅವುಗಳ ಮೇಲೆ ಕೊರೆಸುತ್ತಿದ್ದರು. ಆಡುವವರೆಲ್ಲ ಪರಿಚಿತರೇ ಆದ್ದರಿಂದ ಅಲ್ಲಿ ಚೆಂದವೇ ಮುಖ್ಯ. ಅಮೆರಿಕದ ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ, ಚಿನ್ನದ ಗಣಿಯೂರುಗಳಲ್ಲಿ ಹಾಗಿರಲಿಲ್ಲ. ಗುರುತು ಪರಿಚಯವಿಲ್ಲದವರು ನಾಣ್ಯ, ಚಿನ್ನದ ಪುಡಿ, ಕೈಗೆ ಸಿಕ್ಕಿದ್ದನ್ನು ಪಣಕ್ಕಿಡುತ್ತಿದ್ದರು. ಲೆಕ್ಕ ಸುಲಭವಾಗಲೆಂದು ಮೂಳೆಯ, ದಂತದ ಬಿಲ್ಲೆಗಳು ಬಂದವು. ದಂತ ದುಬಾರಿ. ಸಾದಾ ಮೂಳೆಯ ಬಿಲ್ಲೆಯನ್ನೋ, ಯಾರು ಬೇಕಾದರೂ ಜೇಬಿನಲ್ಲಿಟ್ಟುಕೊಂಡು ಬರಬಹುದಿತ್ತು.

1880ರ ದಶಕದ ಹೊತ್ತಿಗೆ ಜೇಡಿಮಣ್ಣಿಗೆ ಅರಗು ಬೆರೆಸಿ ಒತ್ತಿ ಮಾಡಿದ ಬಿಲ್ಲೆಗಳು ಬಳಕೆಗೆ ಬಂದವು. ಆ ಕಾಲದಲ್ಲಿ ಜಗತ್ತಿಗೆಲ್ಲ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಅರಗಿನ ಹುಳು ಮರದ ಕೊಂಬೆಗಳ ಮೇಲೆ ಸುರಿಸುವ ಈ ಅಂಟು ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸಿತು, ಗ್ರಾಮಾಫೋನ್ ತಟ್ಟೆಗೆ ಮೈಯಾಯಿತು. ಮಣ್ಣಿನ ಈ ಹದದ ಮೇಲೆ ಉಬ್ಬು ಚಿತ್ರವನ್ನು ಒತ್ತಬಹುದು, ನಡುವೆ ಚಿತ್ರದ ತುಣುಕನ್ನು ಕೂರಿಸಬಹುದು. ನಕಲು ಮಾಡುವವನ ಕೆಲಸ ಕಷ್ಟವಾಯಿತು.

1931ರಲ್ಲಿ ನೆವಾಡ ರಾಜ್ಯ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಕ್ಯಾಸಿನೊಗಳು ಬೆಳೆದಂತೆ ಬಿಲ್ಲೆಯೆಂದರೆ ಹಣ ಕೊಡುವ ಭರವಸೆಯೇ ಆಯಿತು. 1963ರಲ್ಲಿ ಲಾಸ್ ವೇಗಸ್‌ನಲ್ಲಿ ಪಾಲ್ ಎಂಡಿ ಆರಂಭಿಸಿದ ಪಾಲ್‌ಸನ್ ಕಂಪನಿಯ ಬಿಲ್ಲೆಗಳಲ್ಲಿ ಅಂಚಿನುದ್ದಕ್ಕೂ ಟೋಪಿ, ಕೈಕೋಲುಗಳ ಉಬ್ಬು ಅಚ್ಚು ಇರುತ್ತದೆ. ಅಂಚಿನ ಬಣ್ಣದ ಪಟ್ಟೆಗಳನ್ನು ಬಳಿದಿರುವುದಿಲ್ಲ. ಬಿಲ್ಲೆಯ ಅಂಚನ್ನು ಕತ್ತರಿಸಿ, ಆ ಜಾಗಕ್ಕೆ ಬೇರೆ ಬಣ್ಣದ ತುಂಡನ್ನು ಕೂರಿಸಿ, ಕಾಯಿಸಿ ಒತ್ತುತ್ತಾರೆ. ಹಾಗಾಗಿ ಎಷ್ಟು ಸವೆದರೂ ಪಟ್ಟೆ ಅಳಿಸದು. ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಬೇರೆ ಬೆಲೆಯದೊಂದು ನಡುವೆ ಸೇರಿದ್ದರೆ ಅದರ ಪಟ್ಟೆಯೇ ಕಣ್ಣಿಗೆ ಹೊಡೆಯುತ್ತದೆ.

ಒಂದನ್ನು ಕೈಗೆತ್ತಿಕೊಳ್ಳಿ. ಅಗಲ ಸುಮಾರು 39 ಮಿಲಿಮೀಟರ್, ತೂಕ ಎಂಟರಿಂದ ಹತ್ತು ಗ್ರಾಂ. ಹೊಸದಾದರೆ ಮೈಯೆಲ್ಲ ಬಳಪದಂತೆ ಒಣಒಣ, ಅಂಚು ಬೆರಳಿಗೆ ಚುರುಕಾಗಿ ತಾಗುತ್ತದೆ. ಸಾವಿರಾರು ಕೈ ದಾಟಿದ ಮೇಲೆ ಅಂಚು ದುಂಡಗಾಗಿ, ಮೈ ನುಣುಪಾಗುತ್ತದೆ. ಎರಡನ್ನು ತಾಗಿಸಿದರೆ ತಗ್ಗಿದ, ಮೆತ್ತನೆಯ ಸದ್ದು.

1980ರ ದಶಕದಲ್ಲಿ ಸೆರಾಮಿಕ್ ಬಿಲ್ಲೆಗಳು ಬಂದವು. ಅಂಚಿನವರೆಗೂ ಚಿತ್ರ ಮುದ್ರಿಸಬಹುದು, ಆದರೆ ಸ್ಪರ್ಶ ಬೇರೆ, ಸದ್ದು ಚೂಪು. ಈಗ ಹಲವು ಬಿಲ್ಲೆಗಳ ಹೊಟ್ಟೆಯಲ್ಲಿ ರೇಡಿಯೋ ಸಂಕೇತ ನೀಡುವ ತುಣುಕಿರುತ್ತದೆ. ಹಿಂದೆ ಬೆರಳು ಮಾಡುತ್ತಿದ್ದ ಪರೀಕ್ಷೆಯಲ್ಲಿ ಒಂದು ಪಾಲನ್ನು ಈಗ ಯಂತ್ರ ಮಾಡುತ್ತದೆ.

ಮನೆಯಲ್ಲಿ ಆಡಲು ಪೆಟ್ಟಿಗೆಯಲ್ಲಿ ಮಾರುವ 11.5 ಗ್ರಾಂ ಬಿಲ್ಲೆಗಳನ್ನು ನೋಡಿ, ಭಾರವಾದಷ್ಟೂ ಒಳ್ಳೆಯದು ಎಂದುಕೊಳ್ಳುವವರು ಬಹಳ. ಆ ಭಾರ ಪ್ಲಾಸ್ಟಿಕ್ಕಿನೊಳಗೆ ಅಡಗಿಸಿಟ್ಟ ಲೋಹದ ಬಿಲ್ಲೆಯದು. ಎರಡನ್ನು ಹೋಲಿಸುವಾಗ ತೂಕವನ್ನು ಕೊನೆಗಿಡಿ. ಮೊದಲು ಹೆಬ್ಬೆರಳಿನಿಂದ ಮೈ ಉಜ್ಜಿ, ಇಪ್ಪತ್ತನ್ನು ಪೇರಿಸಿ ಜಾರುತ್ತವೆಯೇ ನೋಡಿ, ಆಮೇಲೆ ಒಂದಕ್ಕೊಂದು ತಾಗಿಸಿ ಕಿವಿಗೊಡಿ.