ಕುರ್ಚಿಯ ಸಂಧಿಕಾರ್ಯ

ನಿಮ್ಮ ಮನೆಯ ಅಟ್ಟದ ಮೇಲೋ ಹಿತ್ತಲ ಮೂಲೆಯಲ್ಲೋ ಕಾಲು ಅಲ್ಲಾಡುವ ಹಳೆಯ ಕುರ್ಚಿಯೊಂದು ಬಿದ್ದಿರಬಹುದು. ಸೌದೆಗೆ ಹಾಕಲು ಮನಸ್ಸು ಬಾರದು. ಕುಳಿತುಕೊಳ್ಳಲು ಧೈರ್ಯ ಸಾಲದು. ಅಂಥ ಕುರ್ಚಿಯನ್ನು ಮತ್ತೆ ಬಳಕೆಗೆ ತರುವ ವಿಚಾರವಾಗಿ ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ. ನಾನು ಬಡಗಿಯಲ್ಲ, ಪ್ರೌಢಶಾಲೆಯ ಕನ್ನಡ ಪಂಡಿತ. ಆದರೆ ಒಂದು ಒಳ್ಳೆಯ ಕುರ್ಚಿಯನ್ನು ನನ್ನ ಕೈಯಾರೆ ಕೆಡಿಸಿದ ಅನುಭವ ನನಗುಂಟು. ಆ ಅಧಿಕಾರದಿಂದಲೇ ಮಾತನಾಡುತ್ತಿದ್ದೇನೆ.

ಅದು ನಮ್ಮ ತಂದೆಯವರ ಕುರ್ಚಿ. ಸಾಗುವಾನಿ ಮರ, ಬೆತ್ತದ ಹೆಣಿಗೆ, ಅಗಲವಾದ ಕೈಗಳ ಮೇಲೆ ಬಿಸಿ ಕಾಫಿಯ ಲೋಟ ಇಟ್ಟೂ ಇಟ್ಟೂ ಮೂಡಿದ ಬಿಳಿಯ ಉಂಗುರಗಳು. ಅವರು ಹೋದ ಮೇಲೆ ನಮ್ಮ ತಾಯಿ ಸಂಜೆಯ ಹೊತ್ತು ಅದರಲ್ಲೇ ಕೂರುತ್ತಿದ್ದರು. ಹಿಂಗಾಲು ಸಡಿಲವಾದಾಗ ನಾನು ಎರಡಂಗುಲದ ಮೊಳೆ ಮೂರನ್ನು ತಂದು ಹೊಡೆದೆ. ಕೆಲವು ತಿಂಗಳು ಕಲ್ಲಿನಂತೆ ನಿಂತಿತು, ನಾನೂ ಬೀಗಿದೆ. ಮಳೆಗಾಲ ಕಳೆದು ಒಣಹವೆ ಬಂದಾಗ ಕಾಲು ಮೊಳೆಯ ಗೆರೆಯಲ್ಲೇ ಸೀಳಿತು, ತಾಯಿ ಬಿದ್ದರು. ಎಂಬತ್ತು ದಾಟಿದ ಜೀವ. ದೈವಕೃಪೆ, ಮಣಿಕಟ್ಟು ಊದಿತೇ ಹೊರತು ಮೂಳೆ ಮುರಿಯಲಿಲ್ಲ. ಕೈಗೆ ಬಟ್ಟೆ ಸುತ್ತಿಸಿಕೊಳ್ಳುತ್ತ ಅವರು ಹೇಳಿದ್ದು ಒಂದೇ ಮಾತು: “ಕುರ್ಚೀನ ಎಸೀಬೇಡ ಕಣೋ.”

ನಮ್ಮ ಬೀದಿಯ ಕೊನೆಯಲ್ಲಿರುವ ವೃದ್ಧ ಆಚಾರ್ಯರನ್ನು ಕರೆತಂದೆ. ಅವರು ಕುರ್ಚಿಯನ್ನು ಬೋರಲು ಹಾಕಿ, ಬೆರಳಿನಿಂದ ತಟ್ಟಿ ನೋಡಿ, “ಮೇಷ್ಟ್ರೆ, ಮೊಳೆ ಹೊಡೆದ ಪುಣ್ಯಾತ್ಮ ಯಾರು?” ಎಂದರು. ನಾನು ಮಾತನಾಡಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.

ಹಳೆಯ ಕುರ್ಚಿಯಲ್ಲಿ ಒಂದು ಮರದಲ್ಲಿ ಕುಳಿ ತೋಡಿ, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ, ಒಂದರೊಳಗೊಂದನ್ನು ಅಂಟು ಹಚ್ಚಿ ಕೂರಿಸಿರುತ್ತಾರೆ. ಮರ ಸತ್ತ ವಸ್ತುವಲ್ಲವೆಂದೇ ಹೇಳಬೇಕು. ಮಳೆಗಾಲದಲ್ಲಿ ತೇವ ಹೀರಿ ಅಡ್ಡಕ್ಕೆ ಉಬ್ಬುತ್ತದೆ; ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚು ಕಡಮೆ ಇದ್ದಂತೆಯೇ ಇರುತ್ತದೆ. ಕುಳಿಯ ಮರದ ಎಳೆ ಒಂದು ದಿಕ್ಕು, ನಾಲಗೆಯ ಎಳೆ ಇನ್ನೊಂದು ದಿಕ್ಕು. ವರ್ಷ ವರ್ಷವೂ ಈ ಎಳೆದಾಟ ನಡೆದು ಅಂಟು ಬಿಡುತ್ತದೆ, ಕಾಲು ಅಲ್ಲಾಡುತ್ತದೆ. ಮೊಳೆಯೋ ಉಬ್ಬದು, ಕುಗ್ಗದು. ಅಲುಗಾಡಬೇಕಾದ ಮರವನ್ನು ಅದು ಹಿಡಿದು ನಿಲ್ಲಿಸುತ್ತದೆ. ಮರ ಬೇರೆ ದಾರಿಯಿಲ್ಲದೆ ಸೀಳುತ್ತದೆ. ಸಾಲದ್ದಕ್ಕೆ ತುಕ್ಕು ಹಿಡಿದು ಸುತ್ತಣ ಮರವನ್ನೂ ಕಪ್ಪು ಮಾಡುತ್ತದೆ. ಮಕ್ಕಳಿಗೆ ಲೋಪ, ಆಗಮ, ಆದೇಶ ಎಂದು ಇಷ್ಟು ವರ್ಷ ಸಂಧಿಕಾರ್ಯ ಪಾಠ ಹೇಳಿದ ನಾನು ಮನೆಯ ಕುರ್ಚಿಯಲ್ಲಿ ಮಾಡಿದ್ದು ಶುದ್ಧ ಅರಿಸಮಾಸ!

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಬಿಚ್ಚುವುದು. ಹಿಂದಿನವರು ಬಳಸುತ್ತಿದ್ದ ಮರವಜ್ರ ಪ್ರಾಣಿಗಳ ಚರ್ಮ ಮೂಳೆಗಳನ್ನು ಕುದಿಸಿ ತೆಗೆದ ಅಂಟು. ಬಿಸಿ ನೀರಿಗೂ ಹಬೆಗೂ ಅದು ಮೆತ್ತಗಾಗುತ್ತದೆ. ಇದು ಅದರ ದೋಷವೆಂದು ನಾನು ತಿಳಿದಿದ್ದೆ. “ದೋಷವಲ್ಲ ಸ್ವಾಮಿ, ಇನ್ನೊಬ್ಬ ಬಡಗಿ ಬಿಚ್ಚಲಿ ಅಂತಲೇ ಹಾಗಿರೋದು” ಎಂದರು ಆಚಾರ್ಯರು. ಬಿಚ್ಚುವ ಮುಂಚೆ ಪ್ರತಿಯೊಂದು ಕೂಡುವೆಡೆಗೂ ಎರಡು ಕಡೆಯೂ ಸೀಮೆಸುಣ್ಣದಿಂದ ಗುರುತು ಹಾಕಿ. ನಾನು ಅ, ಆ, ಇ, ಈ ಎಂದು ಬರೆದೆ, ಋಕಾರದವರೆಗೂ ಹೋಯಿತು. ನಾಲ್ಕು ಕಾಲೂ ಒಂದೇ ಎಂದು ತಿಳಿದವರು ಮತ್ತೆ ಜೋಡಿಸುವಾಗ ಪಶ್ಚಾತ್ತಾಪ ಪಡುತ್ತಾರೆ.

ಹಳೆಯ ಅಂಟನ್ನು ಬಿಸಿ ನೀರಿನ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಉಳಿ ಹಿಡಿದು ಕೆರೆದರೆ ನಾಲಗೆ ತೆಳುವಾಗಿ ಇನ್ನಷ್ಟು ಸಡಿಲವಾಗುತ್ತದೆ. ಆಗಲೇ ಸಡಿಲವಿದ್ದರೆ ಅದೇ ಜಾತಿಯ ಮರದ ತೆಳುವಾದ ಸಿಬಿರನ್ನು ಅಂಟಿಸಿ ದಪ್ಪ ಮಾಡಬಹುದು. ಮರವಜ್ರವನ್ನು ತಣ್ಣೀರಿನಲ್ಲಿ ನೆನೆಹಾಕಿ, ಆ ಪಾತ್ರೆಯನ್ನು ಬಿಸಿ ನೀರಿನ ಇನ್ನೊಂದು ಪಾತ್ರೆಯಲ್ಲಿಟ್ಟು ಕರಗಿಸಿ. ಕುದಿಸಿದರೆ ಬಲ ಹೋಗುತ್ತದೆ. ಈಗಿನ ಬಿಳಿಯ ಅಂಟೂ ಗಟ್ಟಿಯೇ. ಆದರೆ ಹಳೆಯ ಅಂಟಿನ ಮೇಲೆ ಅದು ಸರಿಯಾಗಿ ಹಿಡಿಯದು, ಹಿಡಿದರೆ ಮುಂದೆ ಬಿಚ್ಚುವುದು ಕಷ್ಟ. ಸೀಳಿದ ಕಾಲಿನ ಬಿರುಕಿಗೂ ಅಂಟು ಇಳಿಬಿಟ್ಟು, ಸುತ್ತ ದಾರ ಬಿಗಿದು ಒಣಗಿಸಿದೆವು.

ಜೋಡಿಸಿದ ಮೇಲೆ ಕಾಲುಗಳ ಸುತ್ತ ಹಗ್ಗ ಹಾಕಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿಯಬೇಕು. ಅಂಟು ಹಸಿಯಾಗಿರುವಾಗಲೇ ಸಮನೆಲದ ಮೇಲೆ ನಿಲ್ಲಿಸಿ ನೋಡಬೇಕು. ಒಂದು ಕಾಲು ಮೇಲೆದ್ದಿದ್ದರೆ ಆಗಲೇ ತಿದ್ದಬೇಕು. ಮರುದಿನ ಉದ್ದವಾದ ಕಾಲನ್ನು ಕೊಯ್ಯಲು ಹೋದವರು ನಾಲ್ಕನ್ನೂ ಕೊಯ್ದು ಮಣೆ ಮಾಡಿಕೊಂಡದ್ದುಂಟು.

ಬೆತ್ತದ ಹೆಣಿಗೆಯನ್ನು ನಾನು ಕಲಿಯಲಿಲ್ಲ, ನೋಡಿದೆ ಅಷ್ಟೇ. ನಮ್ಮ ಘಟ್ಟದ ಕಾಡುಗಳಲ್ಲಿ ಮರಗಳನ್ನಪ್ಪಿ ಹಬ್ಬುವ ಈ ಬೆತ್ತ ತಾಳೆಯ ಜಾತಿಗೆ ಸೇರಿದ ಬಳ್ಳಿ. ಅದರ ಹೊರಸಿಪ್ಪೆಯ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ, ಮೊದಲು ನೆಟ್ಟಗೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಎರಡು ಕಡೆಯೂ ಓರೆಯಾಗಿ ಹೆಣೆಯುತ್ತಾರೆ. ಒಣಗಿದಂತೆಲ್ಲ ಹೆಣಿಗೆ ತಾನಾಗಿಯೇ ಬಿಗಿಯಾಗುತ್ತದೆ.

ಮೆರುಗಿಗೆ ಅರಗು. ಪಾಂಡವರಿಗೆ ಮನೆ ಕಟ್ಟಿಸಿದ ಅರಗೇ ಅದು. ಮುತ್ತುಗದಂಥ ಮರಗಳ ಮೇಲೆ ಸಣ್ಣ ಹುಳುಗಳು ಸುರಿಸುವ ಅಂಟು. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಇದರಿಂದಲೇ. ಇದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಕಟ್ಟಿದ ಹತ್ತಿಯುಂಡೆಯಿಂದ ತೆಳ್ಳಗೆ, ಹಲವು ಸಲ, ಒಣಗಲು ಬಿಟ್ಟು ಬಿಟ್ಟು ತೀಡಬೇಕು. ಅದಕ್ಕೆ ಮೊದಲು ಉಪ್ಪುಕಾಗದದಿಂದ ಎಳೆಯ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಲೋಟದ ಉಂಗುರಗಳನ್ನು ಪೂರ್ತಿ ತೆಗೆಯಲು ಹೊರಟವನನ್ನು ಆಚಾರ್ಯರು ತಡೆದರು: “ದೊಡ್ಡಮ್ಮನವರನ್ನು ಒಂದು ಮಾತು ಕೇಳಿ.” ಕೇಳಿದೆ. ಒಂದು ಉಂಗುರ ಉಳಿಯಿತು.

ಎರಡು ದಿನ ಯಾರೂ ಕೂರಬಾರದೆಂದು ಕಟ್ಟಪ್ಪಣೆಯಾಗಿತ್ತು. ಮೂರನೆಯ ದಿನ ಮೊದಲು ನಾನು ಕುಳಿತೆ, ಬೀಳುವುದಿದ್ದರೆ ನಾನೇ ಬೀಳಲಿ ಎಂದು. ಆಮೇಲೆ ತಾಯಿ ಬಂದು, ಕೈಗಳೆರಡನ್ನೂ ಹಿಡಿದು ಮೆಲ್ಲನೆ ಕುಳಿತು, ಸ್ವಲ್ಪ ಹೊತ್ತು ಬೀದಿ ನೋಡಿದರು. ಬಳಿಕ, “ಬೆತ್ತ ಬಲು ಬಿಗಿ ಆಯ್ತು ಕಣೋ, ಒಂದು ದಿಂಬು ತಾ” ಎಂದರು.