ಗ್ರಂಥಪಾಲಕರಾಗಲು ಎಲ್ಲಿ ಓದಬೇಕು?



ನಾನು ಓದುವಾಗ ಈ ಶಾಲೆಗೆ ಗ್ರಂಥಾಲಯದ ಕೋಣೆ ಇರಲಿಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಒಂಬತ್ತನೇ ತರಗತಿಯಲ್ಲಿ ಅದರ ಬೀಗದಕೈ ಪ್ರತಿ ಶನಿವಾರ ನನ್ನ ಕೈಗೆ ಬರುತ್ತಿತ್ತು. ಪುಸ್ತಕ ಕೊಡುವುದು, ಬರೆದುಕೊಳ್ಳುವುದು, ವಾಪಸು ತರದವರ ಮನೆ ಬಾಗಿಲಿಗೆ ಹೋಗಿ ಕೇಳುವುದು. ಈಗ ಸಂಬಳಕ್ಕೆ ಮಾಡುತ್ತಿರುವುದೂ ಹೆಚ್ಚುಕಡಿಮೆ ಅದೇ ಕೆಲಸ.

ಮೊನ್ನೆ ಇಲ್ಲಿನ ಹುಡುಗಿಯೊಬ್ಬಳು, "ಸರ್, ನಾನೂ ಲೈಬ್ರರಿಯನ್ ಆಗ್ಬೇಕು. ಯಾವ ಕಾಲೇಜು ಒಳ್ಳೇದು?" ಎಂದು ಕೇಳಿದಳು. ಅವಳಿಗೆ ಇವತ್ತು ಉತ್ತರ ಹೇಳುತ್ತೇನೆ.

ಮೊದಲು ಯಾವುದಾದರೂ ಪದವಿ ಆಗಲಿ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಯಾವುದಾದರೂ ನಡೆಯುತ್ತದೆ. ಆಮೇಲೆ ಒಂದು ವರ್ಷದ ಬಿ.ಲಿಬ್., ಇನ್ನೊಂದು ವರ್ಷದ ಎಂ.ಲಿಬ್. ಕೆಲವು ವಿಶ್ವವಿದ್ಯಾನಿಲಯಗಳು ಎರಡನ್ನೂ ಸೇರಿಸಿ ಎರಡು ವರ್ಷದ ಕೋರ್ಸ್ ಮಾಡಿವೆ.

ನಾನು ಆರಿಸಿಕೊಂಡದ್ದು ಹೇಗೆ ಗೊತ್ತೇ? ಬಸ್ಸು ನೋಡಿ! ಮನೆಯಿಂದ ಹೋಗಿಬರುವಷ್ಟು ಹತ್ತಿರದಲ್ಲಿ ಒಂದು ಸಂಸ್ಥೆ ಇತ್ತು. ಫೀಜಿಗೆ ಅಪ್ಪ ಎರಡು ಕುರಿ ಮಾರಿದರು. ವರ್ಷವಿಡೀ ನೋಟ್ಸ್ ಬರೆಸಿದರು, ಬರೆದುಕೊಂಡೆವು. ಆ ಸರ್ಟಿಫಿಕೇಟ್ ಹಿಡಿದು ಸಂದರ್ಶನಕ್ಕೆ ಹೋದರೆ, "ಇದಕ್ಕೆ ಯಾವ ವಿಶ್ವವಿದ್ಯಾನಿಲಯದ ಮಾನ್ಯತೆ ಇದೆ?" ಎಂದರು. ಯಾವುದೂ ಇರಲಿಲ್ಲ. ಅಪ್ಪನಿಗೆ ಹೇಳಲು ಒಂದು ತಿಂಗಳು ಹಿಡಿಯಿತು. ಅವರು ಬೈಯಲಿಲ್ಲ. "ಹೋಗ್ಲಿ, ಆ ವರ್ಸ ನೀನು ಕಲ್ತಿದ್ದೇನ್ಲಾ?" ಎಂದಷ್ಟೇ ಕೇಳಿದರು. ಯೋಚಿಸಿದೆ. ಒಂದು ಪುಸ್ತಕವನ್ನೂ ಅಲ್ಲಿ ಕೈಗೆ ಕೊಟ್ಟಿರಲಿಲ್ಲ.

ಮರುವರ್ಷ ಮೈಸೂರಿನ ಮಾನಸಗಂಗೋತ್ರಿಗೆ ಸೇರಿದೆ. ಅಲ್ಲಿ ಪುಸ್ತಕ ಕೊಟ್ಟು, ಇದಕ್ಕೆ ನಂಬರ್ ಹಾಕು ಎನ್ನುತ್ತಿದ್ದರು. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಅದು ಸುಲಭ. ಕಬ್ಬಿನ ರೋಗಗಳ ಪುಸ್ತಕ ಬಂದಾಗ ಕಷ್ಟವಾಯಿತು. ಸಸ್ಯರೋಗದ ಸಾಲಿಗೋ, ಕಬ್ಬಿನ ಬೇಸಾಯದ ಸಾಲಿಗೋ? ಎರಡು ದಿನ ಜಗಳವಾಡಿದೆವು. ಕೊನೆಗೆ ಮೇಷ್ಟ್ರು, "ರೈತ ಬಂದರೆ ಎಲ್ಲಿ ಹುಡುಕುತ್ತಾನೆ?" ಎಂದರು. ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳು ನನ್ನ ತಲೆಗೆ ಹೋದದ್ದು ಆ ದಿನ.

ಆ ರಂಗನಾಥನ್ ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿ ಡಿ.ಆರ್.ಟಿ.ಸಿ. ಎಂಬ ಕೇಂದ್ರ ಕಟ್ಟಿದರು. ಅದಕ್ಕೆ ಪ್ರವೇಶ ಪರೀಕ್ಷೆ ಇದೆ, ದೇಶದ ಎಲ್ಲ ಕಡೆಯವರೂ ಬರೆಯುತ್ತಾರೆ. ನಮ್ಮ ಮಕ್ಕಳು ಅದರ ಹೆಸರನ್ನೇ ಕೇಳಿಲ್ಲ, ಅದೇ ನನಗೆ ಬೇಸರ. ಉತ್ತರದ ಕಡೆಯವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಕೆಲಸದಲ್ಲಿರುವವರಿಗೆ ದೂರಶಿಕ್ಷಣವೂ ಉಂಟು. ಆದರೆ ಆ ಕೋರ್ಸಿಗೆ ಆ ವರ್ಷ ಯು.ಜಿ.ಸಿ. ಅನುಮತಿ ಇದೆಯೇ ಎಂದು ನೋಡದೆ ಹಣ ಕಟ್ಟಬೇಡಿ. ಕಾಲೇಜಿನ ಗ್ರಂಥಪಾಲಕ ಹುದ್ದೆಗೆ ಎಂ.ಲಿಬ್. ಜೊತೆಗೆ ನೆಟ್ ಅಥವಾ ಕೆ-ಸೆಟ್ ಕೇಳುತ್ತಾರೆ, ಅದೂ ನೆನಪಿರಲಿ.

ಸೇರುವ ಮೊದಲು ಒಂದು ದಿನ ಹೋಗಿ ಬನ್ನಿ. ಕಟ್ಟಡ ನೋಡಬೇಡಿ. ವಿದ್ಯಾರ್ಥಿಗಳನ್ನು ಕಪಾಟುಗಳ ನಡುವೆ ಬಿಡುತ್ತಾರೆಯೇ, ಕೋಹಾದಂಥ ತಂತ್ರಾಂಶವನ್ನು ಅವರ ಕೈಯಲ್ಲೇ ಮಾಡಿಸುತ್ತಾರೆಯೇ ನೋಡಿ. ಅಲ್ಲಿ ಓದುತ್ತಿರುವವರನ್ನು, "ಈ ವಾರ ಎಷ್ಟು ಪುಸ್ತಕಕ್ಕೆ ನಂಬರ್ ಹಾಕಿದಿರಿ?" ಎಂದು ಕೇಳಿ. ಅವರು ಮುಖ ಮುಖ ನೋಡಿಕೊಂಡರೆ ವಾಪಸು ಬಸ್ಸು ಹತ್ತಿ.

ಆ ಹುಡುಗಿ ಇಲ್ಲೇ ಕೂತಿದ್ದರೆ ಸಭೆ ಮುಗಿದ ಮೇಲೆ ಅವರ ಅಪ್ಪನನ್ನೂ ಕರೆದುಕೊಂಡು ಬರಲಿ. ಮಾನಸಗಂಗೋತ್ರಿ ನೋಡಲು ಹೋಗುವುದಾದರೆ ನಾನೂ ಜೊತೆಗೆ ಬರುತ್ತೇನೆ.