ಲೈಬ್ರರಿಗೆ ಏನು ಕೊಡಬೇಕು?

ಪಲ್ಲಾವರಂನಲ್ಲಿ ಇದ್ದುಕೊಂಡು ಜಿಎಸ್‌ಟಿ ರೋಡ್ ಟ್ರಾಫಿಕ್ ಬಗ್ಗೆ ಮಾತಾಡದೇ ಇರೋದು ಕಷ್ಟ. ಆದ್ರೂ ಇವತ್ತಿನ ವಿಷಯ ಸಾರ್ವಜನಿಕ ಗ್ರಂಥಾಲಯ.

ಲೈಬ್ರರಿಗೆ ಏನಾದ್ರೂ ಕೊಡೋಣ ಅಂದ ತಕ್ಷಣ ನನ್ನ ಆಫೀಸಿನ ಕನ್ನಡದ ಗೆಳೆಯರು ಕೇಳೋದು ಒಂದೇ: "ಟ್ಯಾಕ್ಸ್ ಕಟ್ತೀವಲ್ಲ ಗುರು, ಮತ್ತೆ ಯಾಕೆ?" ನ್ಯಾಯವಾದ ಪ್ರಶ್ನೆ. ತಮಿಳುನಾಡಿನಲ್ಲಿ ಆಸ್ತಿ ತೆರಿಗೆ ಜೊತೆ ಶೇ 10ರಷ್ಟು ಗ್ರಂಥಾಲಯ ಸೆಸ್ ಹೋಗುತ್ತೆ. ಇಲ್ಲಿ ಫ್ಲಾಟ್ ತಗೊಂಡವರು ನೇರವಾಗಿ ಕಟ್ತಾರೆ, ನಮ್ಮಂಥ ಬಾಡಿಗೆಯವರದ್ದು ಓನರ್ ಮೂಲಕ. ಕರ್ನಾಟಕದಲ್ಲಿ 1965ರ ಕಾಯ್ದೆ ಪ್ರಕಾರ ಅದು ಶೇ 6.

ಈ ಸೆಸ್ ಹುಟ್ಟಿದ್ದೇ ಇಲ್ಲಿ. 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ಇದ್ದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಕೊನೆಗಾಲಕ್ಕೆ ಬೆಂಗಳೂರಿಗೆ ಬಂದು ನೆಲೆಸಿದ್ರು, ಅಂದ್ರೆ ನಮಗೆ ಉಲ್ಟಾ ವಲಸೆ! ತೆರಿಗೆಯ ದುಡ್ಡಿನಿಂದ ಲೈಬ್ರರಿ ನಡೀಬೇಕು ಅಂತ ಜೀವನಪೂರ್ತಿ ಹೋರಾಡಿದ ಇದೇ ಮನುಷ್ಯ, ತಮ್ಮ ಉಳಿತಾಯದ 1 ಲಕ್ಷ ರೂಪಾಯಿಯನ್ನ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ರು. ಹೆಂಡತಿ ಶಾರದಾ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕೆ. 1950ರ ದಶಕದ 1 ಲಕ್ಷ ಅದು. ಕಟ್ಟಡ, ಸಂಬಳ, ಪುಸ್ತಕ ಖರೀದಿಗೆ ಸೆಸ್ ಇದೆ ಸರಿ, ಒಳ್ಳೆ ಗ್ರಂಥಪಾಲಕರನ್ನ ತಯಾರು ಮಾಡೋಕೆ ದುಡ್ಡು ಎಲ್ಲಿಂದ ಬರಬೇಕು?

ಸೆಸ್‌ನ ಲೆಕ್ಕ ನೋಡಿ. ಆಸ್ತಿ ತೆರಿಗೆಯ ಇಂತಿಷ್ಟು ಪಾಲು ಅಂದ್ರೆ, ತೆರಿಗೆ ಎಲ್ಲಿ ಜಾಸ್ತಿಯೋ ಅಲ್ಲಿ ಲೈಬ್ರರಿಗೂ ಜಾಸ್ತಿ. ಹೆಂಚಿನ ಮನೆಗಳ ಊರಿನಲ್ಲಿ ಎಷ್ಟು ಹುಟ್ಟುತ್ತೆ? ದುಡ್ಡಿರೋ ಬೆಂಗಳೂರಿನಲ್ಲೂ ವಸೂಲಾದ ಸೆಸ್ ಗ್ರಂಥಾಲಯ ಇಲಾಖೆಗೆ ಪೂರ್ತಿ ತಲುಪದೆ ಕೋಟಿಗಟ್ಟಲೆ ಬಾಕಿ ಅನ್ನೋ ಸುದ್ದಿ ವರ್ಷಗಳಿಂದ ಓದ್ತಾನೇ ಇದ್ದೀವಿ. ಇದನ್ನ ಕೇಳಬೇಕು, ಜೋರಾಗಿಯೇ ಕೇಳಬೇಕು. ಆದ್ರೆ ಆ ಬಾಕಿ ಬರೋವರೆಗೆ ನಾಲ್ಕನೇ ಕ್ಲಾಸಿನ ಹುಡುಗಿ ನಾಲ್ಕನೇ ಕ್ಲಾಸಿನಲ್ಲೇ ಇರಲ್ಲ.

2019ರಲ್ಲಿ ಕರ್ನಾಟಕದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದ್ವು. ಆಮೇಲೆ 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಮಕ್ಕಳು ಬಂದ್ರು. ಬಂದವರಿಗೆ ಓದೋಕೆ ಪುಸ್ತಕ ಬೇಕಲ್ಲ? ಕಲಬುರಗಿ ಜಿಲ್ಲೆಯಲ್ಲಿ 'ಪುಸ್ತಕ ಜೋಳಿಗೆ' ಅಂತ ಜನರ ಹತ್ತಿರ ಪುಸ್ತಕ ಕೇಳಿದ್ರು. ಸರ್ಕಾರವೇ ಜೋಳಿಗೆ ಹಿಡಿದದ್ದು ನನಗಂತೂ ಅವಮಾನ ಅನಿಸಲಿಲ್ಲ. ಜೋಳಿಗೆ ನಮ್ಮ ಕಡೆ ಗೌರವದ ವಸ್ತು.

ಜೋಳಿಗೆಗೆ ನಾವು ಏನು ಹಾಕ್ತೀವಿ ಅನ್ನೋದು ಮುಖ್ಯ. ನಮ್ಮ ಜನ ಚೆನ್ನೈನಿಂದ ಬೆಂಗಳೂರಿಗೆ ವಾಪಸ್ ಶಿಫ್ಟ್ ಆಗುವಾಗ ಮನೆ ಖಾಲಿ ಮಾಡ್ತಾರೆ. ಹಳೇ ಗೇಟ್ ಗೈಡು, ಯಾರೂ ಬಳಸದ ಜಾವಾ ವರ್ಶನ್ನಿನ ದಪ್ಪ ಪುಸ್ತಕ, ಎಲ್ಲಾ ಡಬ್ಬಕ್ಕೆ ತುಂಬಿ 'ಲೈಬ್ರರಿಗೆ' ಅಂತ ಬರೀತಾರೆ. ಅದು ಕಸದ ಟ್ರಾನ್ಸ್‌ಫರ್ ಅಷ್ಟೇ, ಬೇಜಾರು ಮಾಡ್ಕೋಬೇಡಿ.

ಪಾಂಡವಪುರದ ಹತ್ತಿರ ಹರಳಹಳ್ಳಿಯ ಅಂಕೇಗೌಡರ ಪುಸ್ತಕ ಮನೆ ನಿಮಗೆ ಗೊತ್ತಿರುತ್ತೆ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡ್ತಾ, ಸಂಬಳದ ಬಹುಪಾಲು ಪುಸ್ತಕಕ್ಕೇ ಸುರಿದು, ಸುಮಾರು 20 ಲಕ್ಷ ಪುಸ್ತಕ ಕೂಡಿಹಾಕಿದವರು. ಯಾರು ಬೇಕಾದ್ರೂ ಹೋಗಿ ಓದಬಹುದು, ದುಡ್ಡಿಲ್ಲ. ಅಲ್ಲಿ ಪುಸ್ತಕಕ್ಕೆ ಬರ ಇಲ್ಲ. ಬಿಚ್ಚದ ಮೂಟೆಗಳಲ್ಲೇ ಲಕ್ಷಾಂತರ ಪುಸ್ತಕ ಇವೆ. ಬಿಚ್ಚಿ, ವಿಂಗಡಿಸಿ, ಪಟ್ಟಿ ಮಾಡಿ, ಕಪಾಟಿನಲ್ಲಿ ಇಡೋ ಕೈಗಳು ಬೇಕು. ಆ ಕೈಗಳಿಗೆ ಸಂಬಳ ಬೇಕು. ಹುಡುಕಿದ್ರೆ ಸಿಗದ ಪುಸ್ತಕ, ಇಂಡೆಕ್ಸ್ ಇಲ್ಲದ ಡೇಟಾಬೇಸ್ ಇದ್ದ ಹಾಗೆ, ನಮಗೆ ಬೇರೆ ಹೇಳಬೇಕಾ?

ಹಾಗಾದ್ರೆ ನಾವು ಕೊಟ್ಟರೆ ಸರ್ಕಾರ ಕೈ ತೊಳ್ಕೊಳ್ಳಲ್ವಾ? ಅಮೆರಿಕದ ಆಂಡ್ರ್ಯೂ ಕಾರ್ನೆಗಿ 2,500ಕ್ಕೂ ಹೆಚ್ಚು ಲೈಬ್ರರಿ ಕಟ್ಟೋಕೆ ದುಡ್ಡು ಕೊಟ್ಟ. ಅವನು ಹಾಕ್ತಿದ್ದ ಷರತ್ತು ಗಟ್ಟಿಯಾಗಿತ್ತು: ಜಾಗ ಊರಿನವರದ್ದು, ಪ್ರತಿ ವರ್ಷ ನಾನು ಕೊಟ್ಟ ಮೊತ್ತದ ಶೇ 10ರಷ್ಟನ್ನ ಊರಿನ ಆಡಳಿತ ನಿರ್ವಹಣೆಗೆ ಇಡಬೇಕು. ನಾವು ಕಾರ್ನೆಗಿಗಳಲ್ಲ, ಆದ್ರೆ ಹತ್ತು ಜನ ಸೇರಿ ಒಂದು ಕಂಪ್ಯೂಟರ್ ಕೊಡುವಾಗ ಕರೆಂಟು, ಇಂಟರ್ನೆಟ್ ಬಿಲ್ಲು ಪಂಚಾಯಿತಿದು ಅಂತ ಮೊದಲೇ ಬರೆಸಿಕೊಳ್ಳಬಹುದು.

ನಾನು ಹೇಳೋದು ಇಷ್ಟು. ಡಬ್ಬ ಕಳಿಸೋ ಮುಂಚೆ ನಿಮ್ಮ ಊರಿನ ಗ್ರಂಥಾಲಯದ ಮೇಲ್ವಿಚಾರಕರಿಗೆ ಫೋನ್ ಮಾಡಿ, ಏನು ಕಮ್ಮಿ ಇದೆ ಅಂತ ಕೇಳಿ. ಕಪಾಟು ಅನ್ನಬಹುದು, ಫ್ಯಾನ್ ಅನ್ನಬಹುದು, ಈ ವರ್ಷದ ಪಿಡಿಒ ಪರೀಕ್ಷೆ ಪುಸ್ತಕ ಅನ್ನಬಹುದು. ಒಂದೇ ಸಲ 12,000 ಕೊಡೋದಕ್ಕಿಂತ ತಿಂಗಳಿಗೆ 1,000 ಅವರಿಗೆ ಜಾಸ್ತಿ ಉಪಯೋಗ, ಯಾಕಂದ್ರೆ ಪತ್ರಿಕೆ ಬಿಲ್ಲು ತಿಂಗಳು ತಿಂಗಳು ಬರುತ್ತೆ. ದುಡ್ಡು ಆಗಲ್ಲ ಅನ್ನೋರು ಶನಿವಾರ ಎರಡು ಗಂಟೆ ಕೊಡಿ. ಕೋಹಾ ಅನ್ನೋ ಓಪನ್ ಸೋರ್ಸ್ ಲೈಬ್ರರಿ ಸಾಫ್ಟ್‌ವೇರ್ ಇದೆ, ನ್ಯೂಜಿಲೆಂಡಿನ ಒಂದು ಪುಟ್ಟ ಗ್ರಂಥಾಲಯ ಟ್ರಸ್ಟಿಗಾಗಿ ಹುಟ್ಟಿದ್ದು, ಕನ್ನಡ ಯೂನಿಕೋಡ್ ತಗೊಳ್ಳುತ್ತೆ. ಊರಿನಿಂದ ಯಾರಾದ್ರೂ ಪುಸ್ತಕದ ಮೊದಲ ಪುಟದ ಫೋಟೋ ಕಳಿಸಿದ್ರೆ, ಹೆಸರು, ಲೇಖಕರು, ವರ್ಷ ಪಲ್ಲಾವರಂನಲ್ಲಿ ಕೂತೇ ಟೈಪ್ ಮಾಡಬಹುದು. ಕೈ ಜೋಡಿಸೋರು ಕೆಳಗೆ ನಿಮ್ಮ ತಾಲ್ಲೂಕಿನ ಹೆಸರು ಬರೀರಿ.